ಎರಡು ವಿಳಾಸದ ಒಂದು ಮನೆ

ಕಾಸರಗೋಡಿನವರಿಗೆ ಊರಿಗೆ ಎರಡು ಹೆಸರಿರುವುದು ಹೊಸತಲ್ಲ. ನಮ್ಮ ಕುಂಬಳೆ ಮಲಯಾಳದಲ್ಲಿ ಕುಂಬಳ, ಮಂಜೇಶ್ವರ ಅಲ್ಲಿ ಮಂಜೇಶ್ವರಂ. ಜಾಗ ಒಂದೇ. ಇದು ಕಂಪ್ಯೂಟರಿನ ಪಾಠಕ್ಕೂ ಬರುತ್ತದೆಂದು ನಾನು ಎಣಿಸಿರಲಿಲ್ಲ.

ಬೆಂಗಳೂರಿನಲ್ಲಿ ಲಿನಕ್ಸ್ ಡ್ರೈವರ್ ಬರೆಯುವ ಹಳೆಯ ವಿದ್ಯಾರ್ಥಿಯೊಬ್ಬ ರಜೆಗೆ ಬಂದವನು ಕೇಳಿದ: "ಮಾಷ್ಟ್ರೇ, ಡಿಎಂಎ ಮ್ಯಾಪಿಂಗ್ ಅಂದ್ರೆ ಏನೂಂತ ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಹೇಳ್ಲಿಕ್ಕೆ ಆಗ್ತದಾ?" ಅವನೂ ಹತ್ತರವರೆಗೆ ಕನ್ನಡ ಮೀಡಿಯಂ. ಆಗುವುದಿಲ್ಲ ಎಂದರೆ ಮಕ್ಕಳು ನಾಳೆ ನಮ್ಮ ಶಾಲೆಗೆ ಯಾಕೆ ಬರಬೇಕು? "ಮೊದಲು ನನಗೆ ಹೇಳು ಮಾರಾಯ" ಎಂದು ಕೂರಿಸಿಕೊಂಡೆ.

ವಿಷಯ ಇಷ್ಟು. ನೆಟ್‌ವರ್ಕ್ ಕಾರ್ಡಿಗೆ ಬಂದ ಪ್ಯಾಕೆಟನ್ನು ಪ್ರೊಸೆಸರ್ ಒಂದೊಂದೇ ಬೈಟಾಗಿ ಹೊರುವುದಿಲ್ಲ. ಕಾರ್ಡೇ ನೇರ ಮೆಮೊರಿಗೆ ಬರೆಯುತ್ತದೆ. ಎಲ್ಲಿಗೆ ಎಂದು ಡ್ರೈವರ್ ಹೇಳಬೇಕು. ಆದರೆ ಡ್ರೈವರಿಗೆ ಗೊತ್ತಿರುವ ವಿಳಾಸ ಒಂದು, ಕಾರ್ಡಿಗೆ ತಿಳಿಯುವ ವಿಳಾಸ ಇನ್ನೊಂದು. ಯಾವ ಕಾರ್ಡು, ಯಾವ ಜಾಗ, ಎಷ್ಟು ಉದ್ದ, ಹೋಗುವುದೋ ಬರುವುದೋ ಎಂದು ತಿಳಿಸಿ ಕರ್ನೆಲ್ಲಿನಿಂದ ಕಾರ್ಡಿನ ವಿಳಾಸ ಪಡೆಯುವುದೇ ಮ್ಯಾಪಿಂಗ್. ಸಿಗದೆಯೂ ಇರಬಹುದು, ಹಾಗಾಗಿ ಪರೀಕ್ಷಿಸಿಯೇ ಕಾರ್ಡಿಗೆ ಕೊಡಬೇಕು.

ಕೆಲವರು ತಾವೇ ಲೆಕ್ಕ ಹಾಕಿ ವಿಳಾಸ ಕೊಟ್ಟುಬಿಡುತ್ತಾರಂತೆ. ಹಳೆಯ ಪಿಸಿಯಲ್ಲಿ ಅದು ನಡೆಯುತ್ತದೆ, ಅದೇ ಅಪಾಯ! 32 ಬಿಟ್ಟಿನ ಕಾರ್ಡಿಗೆ 4 ಜಿಬಿಯ ಆಚೆ ಕೈ ಎಟುಕದು. ಸರಿಯಾಗಿ ಮ್ಯಾಪ್ ಮಾಡಿದರೆ ಕರ್ನೆಲ್ ಕೆಳಗೊಂದು ತಾತ್ಕಾಲಿಕ ಜಾಗ ಕೊಟ್ಟು, ಆಮೇಲೆ ನಕಲು ಮಾಡಿ ಮೇಲೆ ತರುತ್ತದೆ. ಐಒಎಂಎಂಯು ಇರುವ ಯಂತ್ರವಾದರೆ ಮ್ಯಾಪ್ ಆಗದ ವಿಳಾಸಕ್ಕೆ ಬರೆಯಹೋದ ಕಾರ್ಡನ್ನು ತಡೆದೇಬಿಡುತ್ತದೆ.

ನನಗೆ ಹೆಚ್ಚು ಹಿಡಿಸಿದ್ದು ಮುಂದಿನ ನಿಯಮ. ಮ್ಯಾಪ್ ಆದ ಮೇಲೆ ಆ ಜಾಗ ಕಾರ್ಡಿನದು. ಉತ್ತರಪತ್ರಿಕೆ ಕೊಟ್ಟಾದ ಮೇಲೆ ತಿದ್ದಲಿಕ್ಕಿಲ್ಲವಲ್ಲ, ಹಾಗೆ. ಅನ್‌ಮ್ಯಾಪ್ ಮಾಡದೆ ಓದಿದರೆ ಪ್ರೊಸೆಸರಿಗೆ ತನ್ನ ಕ್ಯಾಶ್‌ನಲ್ಲಿ ಉಳಿದ ಹಳೆಯದೇ ಕಾಣಬಹುದು. ಅನ್‌ಮ್ಯಾಪ್ ಮರೆತರೆ ಮ್ಯಾಪಿಂಗಿನ ಜಾಗವೇ ತುಂಬಿ, ಬೆಳಿಗ್ಗೆ ಚೆನ್ನಾಗಿದ್ದ ನೆಟ್‌ವರ್ಕ್ ಸಂಜೆ ನಿಲ್ಲಬಹುದು. ಇಂಥ ತಪ್ಪು ಹಿಡಿಯಲು 2009ರಿಂದ ಕರ್ನೆಲ್ಲಿನಲ್ಲೇ ಒಂದು ತಪಾಸಣೆಯ ವ್ಯವಸ್ಥೆ ಇದೆ.

ಮರುದಿನ ಏಳನೆಯವರಿಗೆ ಇದನ್ನೇ ಹೇಳಿದೆ. ಹಿಂದಿನ ಬೆಂಚಿನ ಹುಡುಗಿ ಎದ್ದು, "ಎರಡೂ ವಿಳಾಸ ಬರೆದಿಟ್ಟುಕೊಳ್ಳಬೇಕಲ್ವಾ ಸರ್? ಇಲ್ಲದಿದ್ರೆ ಅನ್‌ಮ್ಯಾಪ್ ಮಾಡುವುದು ಹೇಗೆ?" ಎಂದಳು. ಹೌದು, ಡ್ರೈವರುಗಳು ಹಾಗೆಯೇ ಎರಡನ್ನೂ ಜೊತೆಗಿಟ್ಟುಕೊಳ್ಳುತ್ತವೆ. ಅವನಿಗೆ ಆಗಲೇ ಫೋನು ಮಾಡಿದೆ. ಓಣಂ ರಜೆಗೆ ಮೊದಲು ಹಳೆಯ ಕಾರ್ಡೊಂದನ್ನು ಹಿಡಿದು ಕ್ಲಾಸಿಗೆ ಬರುತ್ತಾನಂತೆ.