ಹೊಳೆ ದಾಟಿದ ಮೇಲೆ

ಹೊಳೆ ದಾಟುವ ವಿಷಯದಲ್ಲಿ ನಮ್ಮ ಜನರಿಗೆ ಎಂದಿನಿಂದಲೂ ಒಂದು ನಂಬಿಕೆಯುಂಟು. ಆಚೆಯ ದಡದ ಮೇಲೆ ಕಾಲಿಟ್ಟೊಡನೆ ಗಂಡಾಂತರವು ಕಳೆಯಿತೆಂದು. ಅಂಬಿಗನಿಗೆ ಕಾಸು ಕೊಟ್ಟು, ಗಂಗೆಗೆ ಕೈಮುಗಿದು, ನೆನೆದ ಪಂಚೆಯ ಅಂಚನ್ನು ಹಿಂಡಿಕೊಂಡು ಮುಂದಿನ ದಾರಿ ಹಿಡಿಯುವುದು ಹಿಂದಿನವರ ಪದ್ಧತಿ. ಕಾಲ್ನಡೆಯವನಿಗೆ ಇದು ಸರಿ. ಎತ್ತಿನ ಗಾಡಿಗೂ ಬಹುಮಟ್ಟಿಗೆ ಸರಿಯೇ. ಬೇಸಗೆಯಲ್ಲಿ ಒಣಗಿ ಸಡಿಲವಾದ ಚಕ್ರಗಳನ್ನು ನೀರಿನಲ್ಲಿ ನೆನೆಯಿಸಿ ಬಿಗಿ ಮಾಡುತ್ತಿದ್ದುದನ್ನು ಹಳ್ಳಿಯಲ್ಲಿ ಬೆಳೆದ ಹಿರಿಯರು ಕಂಡಿರುತ್ತಾರೆ. ಮರಕ್ಕೆ ನೀರು ಅಷ್ಟೇನೂ ಶತ್ರುವಲ್ಲ. ಆದರೆ ಜೀಪು ಮರದ್ದಲ್ಲವಷ್ಟೆ. ದಡ ಸೇರಿದ ಮೇಲೂ ಅದರ ಹೊಟ್ಟೆಯಲ್ಲಿ ಹೊಳೆಯು ಸ್ವಲ್ಪ ಉಳಿದಿರುತ್ತದೆ. ವಾರಗಟ್ಟಲೆ, ಕೆಲವು ವೇಳೆ ತಿಂಗಳುಗಟ್ಟಲೆ, ಯಾರಿಗೂ ಕೇಳಿಸದಂತೆ ತನ್ನ ಕೆಲಸವನ್ನು ನಡೆಸುತ್ತಿರುತ್ತದೆ.

ಪಟ್ಟಣವಾಸಿಗಳಾದ ವಾಚಕರಿಗೆ ಈ ವಿಚಾರವು ದೂರದ್ದಾಗಿ ತೋರಬಹುದು. ಮಲೆನಾಡಿನವರಿಗೆ ಹಾಗಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಅದರ ಸುತ್ತಮುತ್ತಿನ ಸೀಮೆಯೂ ಈ ವಿಷಯದಲ್ಲಿ ಬಹಳ ಹಿಂದೆ ಬಿದ್ದದ್ದಲ್ಲ. ನನ್ನ ಅಕ್ಕನ ಮನೆಯಿರುವುದು ಹೊಸನಗರ ತಾಲ್ಲೂಕಿನ ಒಂದು ಮೂಲೆಯಲ್ಲಿ. ಮನೆಗೂ ಡಾಂಬರು ರಸ್ತೆಗೂ ನಡುವೆ ಒಂದು ಹಳ್ಳವಿದೆ. ಬೇಸಗೆಯಲ್ಲಿ ಅದು ಮಕ್ಕಳು ಕಲ್ಲಿನಿಂದ ಕಲ್ಲಿಗೆ ಜಿಗಿದು ದಾಟುವಂಥದು. ಆಷಾಢ ಬಂದಿತೆಂದರೆ ಕೆಂಪಾಗಿ, ಮೈದುಂಬಿ, ರಾತ್ರಿಯೆಲ್ಲ ಗುಡುಗುತ್ತಿರುತ್ತದೆ. ಜನರು ನಡೆಯುವುದಕ್ಕೆ ಅಡಕೆಯ ದಬ್ಬೆಗಳನ್ನು ಹಾಸಿ ಕಟ್ಟಿದ ಸಂಕವುಂಟು. ಸಂಕದ ಮೇಲೆ ಅಡಕೆಯ ಮೂಟೆಯನ್ನಾಗಲಿ, ನಡೆಯಲಾರದ ರೋಗಿಯನ್ನಾಗಲಿ ಸಾಗಿಸುವುದು ಸುಲಭವಲ್ಲ. ಆದ್ದರಿಂದ ಆ ಮನೆಯವರಿಗೆ ಜೀಪೆಂಬುದು ಷೋಕಿಯ ವಸ್ತುವಲ್ಲ. ಸುತ್ತಲಿನ ಹತ್ತು ಮನೆಗಳಿಗೆ ಅದೇ ಆಸ್ಪತ್ರೆಯ ಗಾಡಿ, ಅದೇ ಮದುವೆಯ ದಿಬ್ಬಣದ ಗಾಡಿ.

ನಾಲ್ಕು ಗಾಲಿಗಳಿಗೂ ಎಂಜಿನ್ನಿನ ಶಕ್ತಿ ಹರಿಯುವುದರಿಂದ ಇಂಥ ವಾಹನವು ಕೆಸರನ್ನೂ ಜಾರುಗಲ್ಲುಗಳನ್ನೂ ಲೆಕ್ಕಿಸದೆ ಸಾಗುತ್ತದೆ. ಇದು ದೊಡ್ಡ ಗುಣವೆಂಬುದರಲ್ಲಿ ಸಂದೇಹವಿಲ್ಲ. ಇದರಿಂದ ಆಗುವ ಇನ್ನೊಂದು ಪರಿಣಾಮವೆಂದರೆ, ಇತರರು ದಡದಲ್ಲಿಯೇ ಹೆದರಿ ನಿಂತರೆ ನಾಲ್ಕು ಗಾಲಿಯ ಯಜಮಾನನು ಧೈರ್ಯದಿಂದ ನಡುನೀರಿನವರೆಗೆ ಹೋಗಿ ಅಲ್ಲಿ ನಿಲ್ಲುತ್ತಾನೆ. ನೀರಿಗೆ ಎರಡು ಗಾಲಿ ನಾಲ್ಕು ಗಾಲಿಗಳೆಂಬ ಪಕ್ಷಪಾತವಿಲ್ಲ. ಹರಿಯುವ ನೀರು 30 ಸೆಂಟಿಮೀಟರ್ ಆಳವಿದ್ದರೆ ಸಣ್ಣ ಕಾರುಗಳು ತೇಲತೊಡಗುತ್ತವೆಂದೂ, 60 ಸೆಂಟಿಮೀಟರ್ ಆದರೆ ದೊಡ್ಡ ವಾಹನಗಳೂ ಕೊಚ್ಚಿಹೋಗುತ್ತವೆಂದೂ ಅಮೆರಿಕದ ಹವಾಮಾನ ಇಲಾಖೆಯವರು ಎಚ್ಚರಿಸುತ್ತಾರೆ. ಗೋವೆಯ ಕುಳೆಂ ಊರಿನಿಂದ ದೂಧಸಾಗರ ಜಲಪಾತಕ್ಕೆ ತೊರೆಗಳನ್ನು ದಾಟಿಸಿ ಪ್ರವಾಸಿಗಳನ್ನು ಒಯ್ಯುವ ಜೀಪುಗಳು ಕೂಡ ಮಳೆಗಾಲದಲ್ಲಿ ಮನೆಯಲ್ಲಿ ನಿಲ್ಲುತ್ತವೆ. ಅವರಿಗಿಂತ ಹೆಚ್ಚಿನ ಅಭ್ಯಾಸವುಳ್ಳವರು ನಮ್ಮಲ್ಲಿ ವಿರಳ.

2019ರ ಆಗಸ್ಟ್ ತಿಂಗಳ ಮಳೆಯನ್ನು ಮಲೆನಾಡು ಇನ್ನೂ ಮರೆತಿಲ್ಲ. ಆ ದಿನಗಳಲ್ಲಿ ಒಂದು ರಾತ್ರಿ ನೆರೆಮನೆಯ ಹೆಂಗಸಿಗೆ ಹೆರಿಗೆಯ ನೋವು ಕಾಣಿಸಿಕೊಂಡಿತು. ಭಾವನವರು ಲಾಟೀನು ಹಿಡಿದು ಮೊದಲು ತಾವೇ ಹಳ್ಳದಲ್ಲಿ ಇಳಿದು, ಕೋಲಿನಿಂದ ಆಳವನ್ನು ನೋಡಿ, ನೀರು ತುಸು ಇಳಿಯುವವರೆಗೆ ಒಂದು ಗಂಟೆ ಕಾದು, ಅನಂತರ ಜೀಪನ್ನು ಇಳಿಸಿದರು. ನಡುವೆ ಮರದ ಕೊಂಬೆಯೊಂದು ತೇಲಿಬಂದು ಅಡ್ಡ ಕೂತಿತು. ಅದನ್ನು ಸರಿಸುವ ತನಕ, ಹತ್ತು ನಿಮಿಷವೋ ಹದಿನೈದೋ, ಜೀಪು ಅಚ್ಚು ಮುಳುಗುವಷ್ಟು ನೀರಿನಲ್ಲಿ ನಿಂತಿತ್ತು. ಎಂಜಿನ್ನು ಆರಲಿಲ್ಲ. ಬೆಳಗಾಗುವಷ್ಟರಲ್ಲಿ ಆಸ್ಪತ್ರೆಯಲ್ಲಿ ಗಂಡುಮಗು ಹುಟ್ಟಿದ ವರ್ತಮಾನ ಬಂದಿತು. ಊರವರು ಭಾವನವರನ್ನು ಹೊಗಳಿದರು, ಜೀಪನ್ನೂ ಹೊಗಳಿದರು. ಅಕ್ಕ ಅದರ ಮೂತಿಗೆ ಒಂದು ದಾಸವಾಳದ ಹೂವನ್ನು ಸಿಕ್ಕಿಸಿದಳಂತೆ.

ಇದಾಗಿ ಮೂರು ವಾರಗಳ ಮೇಲೆ, ಮಳೆ ಹೊಳವಾದ ಒಂದು ದಿನ, ಅಕ್ಕನನ್ನೂ ಇಬ್ಬರು ಮಕ್ಕಳನ್ನೂ ಕೂರಿಸಿಕೊಂಡು ಭಾವನವರು ಹುಲಿಕಲ್ ಘಾಟಿಯನ್ನು ಇಳಿಯುತ್ತಿದ್ದರು. ಹಿಂದಿನಿಂದ ಸಣ್ಣಗೆ ಗೊಣಗುವ ಸದ್ದು ಒಂದೆರಡು ದಿನಗಳಿಂದ ಇದ್ದಿತು. ತಿರುವೊಂದರಲ್ಲಿ ಆ ಸದ್ದು ಕಿರಿಚಿ, ಹಿಂದಿನ ಗಾಲಿಯೊಂದು ವಾಲಿ ಸಿಕ್ಕಿಕೊಂಡಿತು. ಮಂಜು ಕವಿದಿದ್ದುದರಿಂದ ಜೀಪು ಎತ್ತಿನ ಗಾಡಿಯ ವೇಗದಲ್ಲಿತ್ತು. ಗುಡ್ಡದ ಬದಿಯ ಚರಂಡಿಗೆ ಒರಗಿ ನಿಂತಿತು. ಇನ್ನೊಂದು ಬದಿಯಲ್ಲಿ ಏನಿತ್ತೆಂಬುದನ್ನು ಆ ಘಾಟಿಯನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ. ಮಕ್ಕಳು ಅದನ್ನು ತಮಾಷೆಯೆಂದು ತಿಳಿದು ನಕ್ಕರಂತೆ. ಅಕ್ಕ ಮಾತ್ರ ಅಂದಿನ ರಾತ್ರಿ ಊಟ ಮಾಡಲಿಲ್ಲ.

ಜೀಪನ್ನು ಎಳೆತಂದು ಬಿಚ್ಚಿದಾಗ ನಾನು ಅಲ್ಲಿಯೇ ಇದ್ದೆನು. ಊರಿನ ಮೇಸ್ತ್ರಿಯವರು ನಲವತ್ತು ವರ್ಷ ಜೀಪುಗಳ ಅಡಿಯಲ್ಲಿ ಮಲಗಿ ಬಾಳಿದವರು; ಮಾತು ಕಡಿಮೆ. ಹಿಂದಿನ ಅಚ್ಚಿನ ನಡುವೆ ಇರುವ ಗುಂಡನೆಯ ಉಬ್ಬಿನ ಕೆಳಗಿನ ಬಿರಡೆಯನ್ನು ಅವರು ಸಡಿಲಿಸಿದರು. ಕರಿಯ ಎಣ್ಣೆ ಬರುತ್ತದೆಂದು ನಾವು ನೋಡುತ್ತಿದ್ದರೆ ಬಂದದ್ದು ಕಂದುಬಣ್ಣದ ನೊರೆ ನೊರೆಯಾದ ದ್ರವ.

“ಇದೇನಿದು, ಹಾಲು ಹಾಕಿದ ಕಾಫಿಯ ಹಾಗಿದೆಯಲ್ಲ!” ಎಂದಳು ಅಕ್ಕ.

“ಮೂರು ವಾರ ನೀರನ್ನೂ ಎಣ್ಣೆಯನ್ನೂ ಕೂಡಿಸಿ ಕಡೆದಿದ್ದೀರಿ, ಅಮ್ಮಾ. ಬೆಣ್ಣೆಯೊಂದು ಬರಲಿಲ್ಲ, ಅಷ್ಟೆ” ಎಂದರು ಮೇಸ್ತ್ರಿಯವರು. ಭಾವನವರ ಕಡೆಗೆ ತಿರುಗಿ, “ಗೌಡರೆ, ನೀರು ದಾಟಿದ ಮಾರನೆಯ ದಿನ ನನಗೊಂದು ಮಾತು ಹೇಳಿಕಳುಹಿಸಬಾರದಿತ್ತೆ?” ಎಂದು ಕೇಳಿದರು.

“ಚೆನ್ನಾಗಿಯೇ ಓಡುತ್ತಿತ್ತಲ್ಲ, ಮೇಸ್ತ್ರಿ?” ಎಂದರು ಭಾವನವರು.

“ಓಡುತ್ತದೆ. ಓಡುವುದೇ ಕಷ್ಟ. ಅಂದೇ ಕೆಟ್ಟು ನಿಂತಿದ್ದರೆ ಒಳ್ಳೆಯದಿತ್ತು.”

ಎಣ್ಣೆ ತುಂಬಿ ಮುಚ್ಚಿದ ಆ ಕಬ್ಬಿಣದ ಗರ್ಭದೊಳಕ್ಕೆ ನೀರು ಹೋದದ್ದಾದರೂ ಹೇಗೆ? ಮೇಸ್ತ್ರಿಯವರು ಹೇಳಿದ ಕಾರಣವನ್ನು ಅಡಿಗೆಮನೆಯ ಅನುಭವವುಳ್ಳವರು ಒಡನೆ ಗ್ರಹಿಸಬಹುದು. ಬಿಸಿ ಅನ್ನವನ್ನು ತುಂಬಿ ಬಿಗಿಯಾಗಿ ಮುಚ್ಚಿದ ಡಬ್ಬಿಯು ಆರಿದ ಮೇಲೆ ಅದರ ಮುಚ್ಚಳವು ತೆಗೆಯಲು ಬಾರದು. ಒಳಗಿನ ಗಾಳಿಯೂ ಆವಿಯೂ ತಣಿದು ಕುಗ್ಗಿ ಮುಚ್ಚಳವನ್ನು ಒಳಕ್ಕೆ ಹೀರಿಕೊಂಡಿರುತ್ತವೆ. ಜೀಪಿನ ಅಚ್ಚೂ ಅದೇ ರೀತಿ. ದಾರಿಯಲ್ಲಿ ಓಡಿ ಓಡಿ ಅದರ ಹಲ್ಲುಚಕ್ರಗಳೂ ಎಣ್ಣೆಯೂ ಬಿಸಿಯಾಗಿರುತ್ತವೆ. ಆ ಬಿಸಿಯಲ್ಲಿ ಹಳ್ಳದ ತಣ್ಣೀರಿಗೆ ಇಳಿಸಿದೊಡನೆ ಒಳಗಿನ ಗಾಳಿಯು ಕುಗ್ಗಿ, ಹೊರಗಿನದನ್ನು ಎಳೆದುಕೊಳ್ಳುತ್ತದೆ. ಇದಕ್ಕಾಗಿಯೇ ಅಚ್ಚಿಗೆ ಬ್ರೀದರ್ ಎಂಬ ಸಣ್ಣ ಉಸಿರುಕಂಡಿಯನ್ನು ಇಟ್ಟಿರುತ್ತಾರೆ. ಅದು ನೀರಿನಲ್ಲಿ ಮುಳುಗಿದ್ದರೆ ನೀರನ್ನೇ ಉಸಿರಾಡುತ್ತದೆ. ಕೆಸರಿನಿಂದ ಕಟ್ಟಿಕೊಂಡಿದ್ದರೆ, ಗಾಲಿಯ ಬಳಿಯ ರಬ್ಬರಿನ ಸೀಲುಗಳ ಸಂದಿನಿಂದ ನೀರು ನುಸುಳುತ್ತದೆ. ಹೀಗೆ ನುಸುಳಿದ ನೀರೇ ಬೇರಿಂಗಿನ ಗ್ರೀಸನ್ನು ತೊಳೆದು, ಅದರ ಸ್ಥಳದಲ್ಲಿ ಹಳ್ಳದ ನುಣ್ಣನೆಯ ಮರಳನ್ನು ಇಟ್ಟುಹೋಗಿತ್ತು. ಉಕ್ಕಿನ ಉರುಳೆಗಳು ಆ ಮರಳನ್ನು ಅರೆದುವು. ಮರಳು ಉರುಳೆಗಳನ್ನು ಅರೆಯಿತು.

ಪರಿಹಾರವು ಹಾಸ್ಯಾಸ್ಪದವೆನಿಸುವಷ್ಟು ಅಗ್ಗವಾದದ್ದು. ಬ್ರೀದರಿಗೆ ಕೆಲವು ಅಡಿ ರಬ್ಬರ್ ಕೊಳವೆಯನ್ನು ಸಿಕ್ಕಿಸಿ, ಅದರ ತುದಿಯನ್ನು ಬಾನೆಟ್ಟಿನ ಮಟ್ಟದವರೆಗೆ ಏರಿಸಿ ಕಟ್ಟಿದರೆ ಅಚ್ಚು ನೀರಿನೊಳಗಿದ್ದರೂ ಗಾಳಿಯನ್ನೇ ಉಸಿರಾಡುತ್ತದೆ. ಹೊಳೆಗೆ ಇಳಿಯುವ ಮೊದಲು ಸ್ವಲ್ಪ ಹೊತ್ತು ನಿಲ್ಲಿಸಿ ಆರಗೊಡುವುದು ಅದಕ್ಕಿಂತಲೂ ಅಗ್ಗ. ದಾಟಿದ ಮಾರನೆಯ ಬೆಳಗ್ಗೆ, ಗಾಡಿಯನ್ನು ಅಲುಗಿಸುವ ಮೊದಲೇ, ಬಿರಡೆಯನ್ನು ಒಂದು ಸುತ್ತು ಸಡಿಲಿಸಿ ನೋಡಬೇಕು. ಎಣ್ಣೆಗಿಂತ ನೀರು ಭಾರವಾದ್ದರಿಂದ ರಾತ್ರಿಯಲ್ಲಿ ತಳಕ್ಕಿಳಿದಿದ್ದು ಮೊದಲು ಹನಿಯುವುದು ಅದೇ. ಹನಿದರೆ ಎಣ್ಣೆಯನ್ನೆಲ್ಲ ಬದಲಾಯಿಸತಕ್ಕದ್ದು. ಅದರಲ್ಲಿ ಜಿಪುಣತನ ಸಲ್ಲದು. ಗೇರ್‌ಬಾಕ್ಸಿಗೂ ಇದೇ ಪರೀಕ್ಷೆ.

ಈ ಜ್ಞಾನವು ಹೊಸದೇನಲ್ಲ. ಎರಡನೆಯ ಮಹಾಯುದ್ಧದಲ್ಲಿ ವಿಲ್ಲಿಸ್ ಮತ್ತು ಫೋರ್ಡ್ ಕಾರ್ಖಾನೆಗಳು 1941ರಿಂದ 1945ರ ವರೆಗೆ ಆರು ಲಕ್ಷಕ್ಕೂ ಮಿಕ್ಕಿ ಜೀಪುಗಳನ್ನು ತಯಾರಿಸಿದುವು. 1944ರ ಜೂನ್ 6ರಂದು ನಾರ್ಮಂಡಿಯ ಕಡಲತೀರದಲ್ಲಿ ಸೈನ್ಯವನ್ನು ಇಳಿಸುವಾಗ, ಹಡಗಿನಿಂದ ನೀರಿಗಿಳಿದು ದಡಕ್ಕೆ ಬರಬೇಕಾದ ವಾಹನಗಳ ವಿದ್ಯುತ್ ಭಾಗಗಳಿಗೆ ನೀರು ತಾಗದಂತೆ ಲೇಪ ಮೆತ್ತಿ, ಗಾಳಿಯ ಕೊಳವೆಯನ್ನೂ ಹೊಗೆಯ ಕೊಳವೆಯನ್ನೂ ಮೇಲಕ್ಕೆ ಏರಿಸಿದ್ದರು. ನನಗೆ ಹೆಚ್ಚು ಮೆಚ್ಚಿಕೆಯಾದದ್ದು ಇದಲ್ಲ. ದಡ ಸೇರಿದ ಬಳಿಕ ಆ ಲೇಪವನ್ನು ತೆಗೆದು, ಎಣ್ಣೆ ಗ್ರೀಸುಗಳನ್ನು ಪರೀಕ್ಷಿಸಿ ಬದಲಾಯಿಸುವುದಕ್ಕೂ ಪ್ರತ್ಯೇಕ ವಿಧಿಯಿದ್ದಿತು. ಯುದ್ಧ ನಡೆಯುತ್ತಿರುವಾಗ ಅವರಿಗೆ ಸಿಕ್ಕಿದಷ್ಟು ಬಿಡುವು, ಶಾಂತಿಯ ಕಾಲದಲ್ಲಿ ನಮಗೆ ಸಿಕ್ಕುವುದಿಲ್ಲ!

ಎಂಜಿನ್ನಿನ ವಿಚಾರವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಏಕೆಂದರೆ ಅಲ್ಲಿ ಆಗುವ ಹಾನಿಯು ಗುಟ್ಟಾದದ್ದಲ್ಲ. ಡೀಸೆಲ್ ಎಂಜಿನ್ನು ತಾನು ಎಳೆದುಕೊಂಡ ಗಾಳಿಯನ್ನು ಸುಮಾರು 20ರಲ್ಲಿ ಒಂದು ಪಾಲಿಗೆ ಅಮುಕುತ್ತದೆ. ಗಾಳಿ ಅಮುಕಿದರೆ ಕುಗ್ಗುತ್ತದೆ, ನೀರು ಕುಗ್ಗದು. ಏರ್ ಫಿಲ್ಟರಿನ ದಾರಿಯಿಂದ ನೀರು ಸಿಲಿಂಡರನ್ನು ಸೇರಿತೆಂದರೆ, ಮೇಲೇರುವ ಪಿಸ್ಟನ್ನು ಬಂಡೆಗೆ ಬಡಿದಂತಾಗಿ ಕನೆಕ್ಟಿಂಗ್ ರಾಡು ಬಾಗುತ್ತದೆ, ಇಲ್ಲವೆ ಮುರಿಯುತ್ತದೆ. ನಡುನೀರಿನಲ್ಲಿ ಎಂಜಿನ್ನು ನಿಂತರೆ ಸೆಲ್ಫ್ ಹೊಡೆಯುವ ಆತುರವನ್ನು ಬಿಟ್ಟು, ಎಳೆಯಿಸಿ ದಡಕ್ಕೆ ತಂದು ಬಿಚ್ಚಿಸುವುದೇ ವಿವೇಕ. ವಿಮೆಯ ವಿಷಯದಲ್ಲಿಯೂ ಇದು ಮುಖ್ಯ. ನೀರು ನುಗ್ಗಿದ ಎಂಜಿನ್ನನ್ನು ಚಾಲೂ ಮಾಡಿ ಕೆಡಿಸಿದರೆ ಸಾಮಾನ್ಯ ವಿಮೆಯು ಅದನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಅದಕ್ಕೆ ಎಂಜಿನ್ ರಕ್ಷಣೆಯೆಂಬ ಬೇರೆ ಸೇರ್ಪಡೆಯನ್ನು ಹಣ ಕೊಟ್ಟು ಕೊಳ್ಳಬೇಕಾಗುತ್ತದೆ.

ಈಗಿನ ಹೊಸ ವಾಹನಗಳ ಪುಸ್ತಕಗಳಲ್ಲಿ ದಾಟಬಹುದಾದ ನೀರಿನ ಆಳವನ್ನು ಅಚ್ಚು ಹಾಕಿರುತ್ತಾರೆ. 2020ರಲ್ಲಿ ಬಂದ ಮಹೀಂದ್ರ ಥಾರಿಗೆ 650 ಮಿಲಿಮೀಟರ್, ಹೊಸ ಡಿಫೆಂಡರಿಗೆ 900. ಈ ಅಂಕೆಗಳನ್ನು ಜನರು ಪರೀಕ್ಷೆಯಲ್ಲಿ ತೆಗೆದುಕೊಳ್ಳಬೇಕಾದ ಅಂಕಗಳೆಂದು ಭಾವಿಸುವುದನ್ನು ಕಂಡಿದ್ದೇನೆ. ಅಷ್ಟು ಆಳದವರೆಗೆ ವಾಹನವು ಹೋಗಬಲ್ಲದೆಂಬುದು ಅದರ ಅರ್ಥವೇ ಹೊರತು, ಹೋಗಿಬಂದ ಮೇಲೆ ಅದನ್ನು ಯಾರೂ ನೋಡಬೇಕಾಗಿಲ್ಲವೆಂದಲ್ಲ. ಹೊಸದರಲ್ಲಿ ತಂತಿಗಳೂ ವಿದ್ಯುತ್ ಪೆಟ್ಟಿಗೆಗಳೂ ವಿಪುಲವಾಗಿರುವುದರಿಂದ, ಜೋಡಣೆಯ ತುದಿಗಳಲ್ಲಿ ಹಸುರು ಕಿಲುಬು ಹಿಡಿದು ಎಂದೋ ಒಂದು ದಿನ ದೀಪವೊಂದು ಕಾರಣವಿಲ್ಲದೆ ಮಿನುಗತೊಡಗುತ್ತದೆ. ಅಷ್ಟರಲ್ಲಿ ಹೊಳೆಯ ನೆನಪೇ ಯಾರಿಗೂ ಇರುವುದಿಲ್ಲ.

ಅಕ್ಕನ ಮನೆಯಲ್ಲಿ ಈಗ ಈ ನೆನಪನ್ನು ಇಟ್ಟುಕೊಳ್ಳುವವಳು ಅಕ್ಕನೇ. ಹಾಲಿನ ಲೆಕ್ಕವನ್ನು ಬರೆಯುವ ಕ್ಯಾಲೆಂಡರಿನಲ್ಲಿ, ಜೀಪು ಹಳ್ಳ ದಾಟಿದ ದಿನದ ಮನೆಯೊಳಗೆ ‘ನೀ’ ಎಂದು ಒಂದು ಅಕ್ಷರವನ್ನು ಗುರುತು ಹಾಕುತ್ತಾಳೆ. ಎಂಜಿನ್ನನ್ನು ಕುರಿತು ಅವಳಿಗೆ ತಿಳಿದದ್ದು ಸ್ವಲ್ಪವೇ. ಆದರೆ ‘ನೀ’ ಬಿದ್ದ ಮಾರನೆಯ ದಿನ ಬಿರಡೆಯನ್ನು ಬಿಚ್ಚಿ ನೋಡದೆ ಭಾವನವರಿಗೆ ಕಾಫಿ ದೊರೆಯುವುದಿಲ್ಲವೆಂದು ಕೇಳಿದ್ದೇನೆ. ದಡ ಹತ್ತಿದೊಡನೆ ಬ್ರೇಕನ್ನು ಮೆಲ್ಲಗೆ ಒತ್ತಿಕೊಂಡೇ ಸ್ವಲ್ಪ ದೂರ ನಿಧಾನವಾಗಿ ನಡೆಸಿ ಡ್ರಮ್ಮುಗಳನ್ನು ಒಣಗಿಸುವುದು, ಗ್ರೀಸ್ ಹೊಡೆಯುವ ಕಡೆಗಳಲ್ಲೆಲ್ಲ ಹಳೆಯದು ಹೊರಬರುವವರೆಗೆ ಹೊಸದನ್ನು ಹೊಡೆಯುವುದು, ಅಡಿಯ ಚೌಕಟ್ಟಿನ ಸಂದುಗಳಲ್ಲಿ ಕುಳಿತ ಕೆಸರನ್ನು ಒಳ್ಳೆಯ ನೀರಿನಿಂದ ತೊಳೆಯುವುದು, ಇವೆಲ್ಲ ಕ್ರಮಕ್ಕೆ ಬಂದಿವೆ. ಆ ರಾತ್ರಿ ಹ್ಯಾಂಡ್‌ಬ್ರೇಕನ್ನು ಹಾಕುವುದಿಲ್ಲ; ಒದ್ದೆಯ ಲೈನಿಂಗು ಡ್ರಮ್ಮಿಗೆ ತುಕ್ಕಿನಿಂದ ಅಂಟಿಕೊಂಡೀತೆಂದು, ಗೇರಿನಲ್ಲಿಟ್ಟು ಗಾಲಿಗೆ ಕಲ್ಲು ಕೊಡುತ್ತಾರೆ.

ಹೋದ ಬೇಸಗೆಯಲ್ಲಿ ಈ ಜೀಪಿಗೆ ವಯಸ್ಸಾಯಿತೆಂದು, ಎರಡನೆಯ ಕೈಯ ಇನ್ನೊಂದನ್ನು ಕೊಳ್ಳುವ ಯೋಚನೆಯಿಂದ ಇಬ್ಬರೂ ಶಿವಮೊಗ್ಗಕ್ಕೆ ಹೋದರು. ದಲ್ಲಾಳಿಯು ಕನ್ನಡಿಯಂತೆ ಹೊಳೆಯುವ ಗಾಡಿಯೊಂದನ್ನು ತೋರಿಸಿ, ಅದು ಪೇಟೆಯ ರಸ್ತೆಯನ್ನು ಬಿಟ್ಟು ಇಳಿದದ್ದೇ ಇಲ್ಲವೆಂದು ವರ್ಣಿಸಿದನು. ಭಾವನವರು ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು ತಲೆದೂಗುತ್ತಿದ್ದರು. ಅಕ್ಕ ಒಳಗೆ ಕುಳಿತು, ಸೀಟಿನ ಬೆಲ್ಟನ್ನು ಎಳೆಯತೊಡಗಿದಳು. ಎದೆಗೆ ಬೇಕಾದಷ್ಟು ಬಂದ ಮೇಲೂ ಬಿಡದೆ, ಕೊನೆಯ ತನಕ ಎಳೆದಳು. ಸುರುಳಿಯ ಒಳಗಿದ್ದ ಆ ಕೊನೆಯ ಮೊಳದುದ್ದದಲ್ಲಿ ಕೆಮ್ಮಣ್ಣಿನ ಗೆರೆಯೊಂದು ನೇರವಾಗಿ ಮೂಡಿತ್ತು.

“ಧೂಳಮ್ಮಾ, ರಸ್ತೆಯ ಧೂಳು” ಎಂದನಂತೆ ದಲ್ಲಾಳಿ.

ಅಕ್ಕ ಏನೂ ಹೇಳದೆ ಇಳಿದು ಸೆರಗಿನಿಂದ ಕೈ ಒರೆಸಿಕೊಂಡಳು. ಸಂಜೆಯ ಬಸ್ಸಿನಲ್ಲಿಯೇ ಇಬ್ಬರೂ ಊರಿಗೆ ಮರಳಿದರು. ಹಳೆಯ ಜೀಪಿಗೆಂದು ಎರಡು ಹೊಸ ಬೇರಿಂಗುಗಳನ್ನೂ ಒಂದು ಡಬ್ಬಿ ಗ್ರೀಸನ್ನೂ ಚೀಲದಲ್ಲಿ ತಂದಿದ್ದರು.