ಕಡಲಿಲ್ಲದ ಬಂದರು: ಬ್ಯಾಡಗಿ

ಬೆಂಗಳೂರಿನಿಂದ ಹುಬ್ಬಳ್ಳಿಗೆ ಸಾಗುವ ರೈಲುದಾರಿಯಲ್ಲಿ ರಾಣೇಬೆನ್ನೂರನ್ನು ದಾಟಿ, ಹಾವೇರಿಯನ್ನು ಸೇರುವ ಮೊದಲು ಬ್ಯಾಡಗಿ ಸಿಗುತ್ತದೆ. ಕಡಲು ಘಟ್ಟದಾಚೆ ಬಹುದೂರ. ಆದರೂ ಈ ಪುಟ್ಟ ಪಟ್ಟಣಕ್ಕೆ ಬಂದರಿನ ಲಕ್ಷಣವುಂಟು: ಬಂದಿಳಿಯುವ ಸರಕಿನಲ್ಲಿ ಬಹುಪಾಲು ಪರಊರಿನದು, ಹೊರಡುವುದು ಪರಊರಿಗೆ.

ಸುಗ್ಗಿ ಬಂದಿತೆಂದರೆ ಬಳ್ಳಾರಿ, ರಾಯಚೂರು, ಆಂಧ್ರದ ಕರ್ನೂಲು ಸೀಮೆಗಳಿಂದ ಲಾರಿಗಟ್ಟಲೆ ಮೆಣಸಿನಕಾಯಿ ಇಲ್ಲಿನ ಮಾರುಕಟ್ಟೆಗೆ ಬರುತ್ತದೆ. ಅಂಗಳವೆಲ್ಲ ಕೆಂಪು, ಗಾಳಿಯೆಲ್ಲ ಘಾಟು! ನೀಳವಾದ ‘ಕಡ್ಡಿ’, ದುಂಡುಮೈಯ ‘ಡಬ್ಬಿ’ ಎಂದು ಕಾಯಿಯಲ್ಲಿ ಎರಡು ಬಗೆ. ಸುಕ್ಕುಗಟ್ಟಿದ ಈ ಕಾಯಿಗೆ ಖಾರ ಕಡಿಮೆ, ಬಣ್ಣ ಗಾಢ. ಆ ಬಣ್ಣಕ್ಕೇ ಬೆಲೆ. ನಮ್ಮ ಮನೆಗಳ ಸಾರಿಗೆ ರಂಗೇರಿಸುವ ಈ ಕೆಂಪು, ಓಲಿಯೋರೆಸಿನ್ ಎಂಬ ಸತ್ತ್ವವಾಗಿ ಹಡಗನ್ನೇರಿ, ಪರದೇಶದ ಲಲನೆಯರ ತುಟಿರಂಗನ್ನೂ ಸೇರುತ್ತದೆ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು.

ಆದರೆ ಧಾರಣೆಯನ್ನು ಕಟ್ಟುವವನು ಬೆಳೆದವನಲ್ಲ. ಸರಕನ್ನು ಶೀತಗೃಹದಲ್ಲಿರಿಸಿ ಕಾಯಬಲ್ಲವನಿಗೆ ಇಂದಲ್ಲದಿದ್ದರೆ ನಾಳೆಯುಂಟು. ಸಾಲ ತೀರಿಸಬೇಕಾದ ರೈತನಿಗೆ ಇಂದೇ ಮಾರಬೇಕು. 2024ರ ಮಾರ್ಚ್ 11ರಂದು ಧಾರಣೆ ಕುಸಿದಾಗ ರೊಚ್ಚಿಗೆದ್ದ ರೈತರು ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿದರು. ವಾಹನಗಳು ಹೊತ್ತಿ ಉರಿದವು.

ಅಲೆಗಳಿಲ್ಲದ ಈ ಬಂದರಿನಲ್ಲಿಯೂ ಹೀಗೆ ಮುಳುಗುವ ಭಯ ತಪ್ಪಿದ್ದಲ್ಲ.