ಟೂತ್‌ಪೇಸ್ಟಿನ ಅಣ್ಣ

ರೇಡಿಯೋದಲ್ಲಿ ಮಾತಾಡುವವರ ಸಂಭ್ರಮ ನಿಜವೋ ನಾಟಕವೋ ಎಂದು ನಮ್ಮತ್ತೆಗೆ ಸದಾ ಅನುಮಾನ. ‘ದುಡ್ಡು ಕೊಟ್ರೆ ಯಾರು ಬೇಕಾದ್ರೂ ನಗ್ತಾರೆ ಕಣೇ’ ಅನ್ನುತ್ತಿದ್ದರು. ಆದರೆ ಬುಧವಾರ ರಾತ್ರಿ ಅಮೀನ್ ಸಯಾನಿಯ ದನಿ ಬಂತೆಂದರೆ ಸೊಪ್ಪು ಬಿಡಿಸುವ ಕೈ ನಿಲ್ಲುತ್ತಿತ್ತು. ಹಿಂದಿ ಅವರಿಗೆ ಅಷ್ಟಕ್ಕಷ್ಟೇ. ‘ಬೆಹನೋ’ ಎಂದು ಮೊದಲು ಹೆಂಗಸರನ್ನು ಕರೆಯುತ್ತಾನಲ್ಲ, ಅಷ್ಟು ಸಾಕಿತ್ತು.

1952ರಲ್ಲಿ ಶುರುವಾದ ಬಿನಾಕಾ ಗೀತಮಾಲಾ ಟೂತ್‌ಪೇಸ್ಟ್ ಮಾರಲೆಂದೇ ಇದ್ದದ್ದು, ಮುಚ್ಚುಮರೆಯೇನಿಲ್ಲ. ಬೊಂಬಾಯಿಯಲ್ಲಿ ಮುದ್ರಿಸಿದ ಟೇಪು ವಿಮಾನದಲ್ಲಿ ಕೊಲಂಬೊಗೆ ಹೋಗಿ, ರೇಡಿಯೋ ಸಿಲೋನಿನಿಂದ ನಮ್ಮ ಅಡಿಗೆಮನೆಗೆ ಬರುತ್ತಿತ್ತು. ಅಂದರೆ ಆ ಉತ್ಸಾಹ ಹಳೆಯದು! ಆದರೂ ತಂಗಳೆನಿಸಲಿಲ್ಲ. ಹಾಡುಗಳು ಒಂದೊಂದೇ ‘ಪಾಯ್‌ದಾನ್’ ಏರುವಾಗ ಆತನಿಗೂ ನಮ್ಮಷ್ಟೇ ಕುತೂಹಲವಿದ್ದಂತೆ ಕೇಳುತ್ತಿತ್ತು. 2001ರಲ್ಲಿ ಬೆಂಗಳೂರಿಗೆ ಬಂದ ಖಾಸಗಿ ಎಫ್‌ಎಂನಲ್ಲಿ ಹಾಡಿಗೂ ಟ್ರಾಫಿಕ್ ಜಾಮಿಗೂ ಸೀರೆ ಸೇಲಿಗೂ ಒಂದೇ ಕೇಕೆ. ಪಾಯಸಕ್ಕೂ ಇಂಗಿನ ಒಗ್ಗರಣೆ ಹಾಕಿದ ಹಾಗೆ. ನನಗಂತೂ ಸೇರದು, ಮಗಳು ಕೇಳುತ್ತಾಳೆ, ನಗುತ್ತಾಳೆ ಕೂಡ.

ಸಯಾನಿ 2024ರ ಫೆಬ್ರವರಿಯಲ್ಲಿ ತೀರಿಕೊಂಡಾಗ ಪಕ್ಕದ ಮನೆಯಾಕೆ, ‘ನಮ್ಮಣ್ಣನೇ ಹೋದ ಹಾಗಾಯ್ತು ಕಣ್ರೀ’ ಎಂದು ಕಣ್ಣೊರೆಸಿಕೊಂಡರು. ಟೂತ್‌ಪೇಸ್ಟಿನವರು ದುಡ್ಡು ಕೊಟ್ಟು ಮಾತಾಡಿಸಿದ ಅಣ್ಣ. ಆಕೆಗೆ ಅದು ಗೊತ್ತಿಲ್ಲದ್ದೇನಲ್ಲ.